ಕಂಪ್ಯೂಟರಿನೊಳಗಿನ ಪಾಳಿ

ಮದುವೆಯ ಹಂಗಾಮಿನಲ್ಲಿ ವಿಜಯಪುರದ ಡಿಟಿಪಿ ಅಂಗಡಿಗಳಿಗೆ ಪುರುಸೊತ್ತು ಇರುವುದಿಲ್ಲ. ತಮ್ಮನ ಮಗಳ ಲಗ್ನಪತ್ರಿಕೆ ಮಾಡಿಸಲು ಅಂಥದೊಂದು ಅಂಗಡಿಯಲ್ಲಿ ಕುಳಿತಿದ್ದೆ. ಕಂಪ್ಯೂಟರ್ ತೆವಳುತ್ತಿತ್ತು. ಬಲ್ಲವನಂತೆ ಟಾಸ್ಕ್ ಮ್ಯಾನೇಜರ್ ತೆರೆಸಿ, ಹಿನ್ನೆಲೆಯಲ್ಲಿ ಓಡುತ್ತಿದ್ದ ನಾಲ್ಕಾರು ಹೆಸರುಗಳನ್ನು ತೋರಿಸಿ ಮುಚ್ಚಿಸಿದೆ. ಮುಂದಿನ ಸಾಲು ಟೈಪಿಸುತ್ತಲೇ ‘ಶ್ರೀ ಸಿದ್ಧೇಶ್ವರ ಪ್ರಸನ್ನ’ ಮೂಡಬೇಕಿದ್ದ ಜಾಗದಲ್ಲಿ ಕೊಂಬು, ಒತ್ತು, ದೀರ್ಘಗಳ ಚೂರುಗಳು ಚೆಲ್ಲಾಡಿದವು.

“ಕಾಕಾ, ನೀವು ನುಡಿಯನ್ನೇ ಬಂದ್ ಮಾಡಿಸಿದಿರಲ್ಲ” ಎಂದು ಹುಡುಗ ನಕ್ಕ.

ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶ ಕೆಲಸದ ಹೊತ್ತಿನಲ್ಲಿ ಎದುರಿಗೆ ಬರುವುದೇ ಇಲ್ಲ. ಗಡಿಯಾರದ ಪಕ್ಕ ಪುಟ್ಟ ಚಿಹ್ನೆಯಾಗಿ ಕುಳಿತು, ಒತ್ತಿದ ಪ್ರತಿ ಕೀಲಿಯನ್ನು ನಡುದಾರಿಯಲ್ಲೇ ಹಿಡಿದು ಕನ್ನಡಕ್ಕೆ ತಿರುಗಿಸಿ ಮುಂದಕ್ಕೆ ಬಿಡುತ್ತದೆ. ಪುಟ ಜೋಡಿಸುವ ತಂತ್ರಾಂಶ, ನುಡಿ, ಪ್ರಿಂಟರಿನ ಸರದಿ ನೋಡುವ ಸೇವೆ ಎಲ್ಲವೂ ಒಟ್ಟಿಗೆ ಓಡುತ್ತಿರುವಂತೆ ನಮಗೆ ಕಾಣುತ್ತದೆ. ಆದರೆ ಪ್ರೊಸೆಸರಿನ ಒಂದು ಕೋರ್, ಅಂದರೆ ಕೆಲಸ ನಡೆಸುವ ಒಂದು ಘಟಕ, ಒಂದು ಗಳಿಗೆಯಲ್ಲಿ ನಡೆಸುವುದು ಒಂದನ್ನೇ. ಉಳಿದವು ಪಾಳಿ ಹಚ್ಚಿರುತ್ತವೆ. ಆ ಪಾಳಿಯನ್ನು ಮುರಿಯುವ ಅಧಿಕಾರ ಯಾರದು ಎಂಬುದು ಹಳೆಯ ತಕರಾರು.

1950ರ ದಶಕದಲ್ಲಿ ತಕರಾರಿಗೆ ಎಡೆಯೇ ಇರಲಿಲ್ಲ. ರಂಧ್ರ ಕೊರೆದ ಕಾರ್ಡುಗಳ ಕಟ್ಟನ್ನು ಆಪರೇಟರ್ ಕೈಗಿತ್ತು ಹೋಗಬೇಕು; ಒಬ್ಬರ ಕೆಲಸ ಮುಗಿದ ಮೇಲೆಯೇ ಮತ್ತೊಬ್ಬರದು. ಒಂದು ಅಲ್ಪವಿರಾಮ ತಪ್ಪಿದ್ದು ತಿಳಿಯಲು ಗಂಟೆಗಟ್ಟಲೆ ಕಾಯಬೇಕಿತ್ತು. ಇದಕ್ಕೆ ರೋಸಿದ, ಅಮೆರಿಕದ ತಾಂತ್ರಿಕ ವಿಶ್ವವಿದ್ಯಾಲಯ ಎಂಐಟಿಯ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು 1961ರ ನವೆಂಬರಿನಲ್ಲಿ, ಮಾರ್ಪಡಿಸಿದ ಐಬಿಎಂ 709 ಯಂತ್ರದ ಮೇಲೆ ಸಿಟಿಎಸ್ಎಸ್ ಎಂಬ ವ್ಯವಸ್ಥೆಯನ್ನು ನಡೆಸಿ ತೋರಿಸಿದರು. ಅದರ ಜೀವಾಳ ಒಂದು ಗಡಿಯಾರ. ಗೊತ್ತಾದ ಹೊತ್ತು ಮುಗಿಯುತ್ತಲೇ ಅದು ಪ್ರೊಸೆಸರನ್ನು ತಟ್ಟುತ್ತದೆ; ಓಡುತ್ತಿದ್ದ ಪ್ರೋಗ್ರಾಮು ಒಪ್ಪಲಿ ಬಿಡಲಿ, ಅದು ಎಲ್ಲಿಗೆ ಬಂದಿತ್ತೆಂಬುದನ್ನು ಬರೆದಿಟ್ಟುಕೊಂಡು ಮುಂದಿನದಕ್ಕೆ ಪಾಳಿ ಕೊಡಲಾಗುತ್ತದೆ. ಇವತ್ತಿಗೂ ಮೂಲ ಉಪಾಯ ಇದೇ. ಪಾಳಿಯ ಅವಧಿ ಮಿಲಿಸೆಕೆಂಡುಗಳಿಗೆ ಇಳಿದಿದೆ, ಅಷ್ಟೇ.

ಯಾರಿಗೂ ಕಾಣದೆ ದುಡಿಯುವ ಪ್ರೋಗ್ರಾಮುಗಳಿಗೆ ‘ಡೀಮನ್’ ಎಂಬ ಹೆಸರು ಬಂದದ್ದೂ ಎಂಐಟಿಯಿಂದಲೇ. ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಕಲ್ಪನೆಯಲ್ಲಿ ದಣಿವಿಲ್ಲದೆ ಅಣುಗಳನ್ನು ಬೇರ್ಪಡಿಸುತ್ತಾ ಕುಳಿತ ಪುಟಾಣಿ ಭೂತವೊಂದಿದೆ; ಹೆಸರು ಅದರದ್ದು. 1969ರಲ್ಲಿ ಅಮೆರಿಕದ ಸಂಶೋಧನಾ ಕೇಂದ್ರ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಮ್ಸನ್, ಡೆನಿಸ್ ರಿಚಿ ಆರಂಭಿಸಿದ ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ (ಉಳಿದ ಪ್ರೋಗ್ರಾಮುಗಳನ್ನು ನಡೆಸುವ ಮೂಲ ತಂತ್ರಾಂಶ), ಡೀಮನ್‌ಗಳನ್ನು ಮನೆಮಾತಾಗಿಸಿತು.

ಇಷ್ಟೆಲ್ಲ ಆದ ಮೇಲೆ 1981ರಲ್ಲಿ ಪಿಸಿಯೊಂದಿಗೆ ಬಂದ ಡಾಸ್ ಎಂಬ ಆಪರೇಟಿಂಗ್ ಸಿಸ್ಟಮ್ ಮತ್ತೆ ಒಂದೇ ಪ್ರೋಗ್ರಾಮಿಗೆ ಇಳಿಯಿತು! ಅದನ್ನು ಹಿಂದುಳಿದದ್ದು ಎಂದು ಹಳಿಯುವುದು ಸುಲಭ. ಆದರೆ ಆ ಅಗ್ಗದ ಚಿಪ್ಪಿನಲ್ಲಿ ಒಂದು ಪ್ರೋಗ್ರಾಮು ಇನ್ನೊಂದರ ಮೆಮೊರಿಗೆ ಕೈಹಾಕದಂತೆ ತಡೆಯುವ ಬೇಲಿಯೇ ಇರಲಿಲ್ಲ. ಜನ ಸುಮ್ಮನಿರಲಿಲ್ಲ. ಮುಗಿದಂತೆ ನಟಿಸಿ ಮೆಮೊರಿಯಲ್ಲೇ ಅಡಗಿ ಕೂರುವ ಪ್ರೋಗ್ರಾಮುಗಳನ್ನು ಬರೆದರು. 1984ರ ಸೈಡ್‌ಕಿಕ್ ಇವುಗಳಲ್ಲಿ ಹೆಸರುವಾಸಿ. ಕೀಲಿ ಒತ್ತಿದರೆ ನಡೆಯುತ್ತಿದ್ದ ಕೆಲಸದ ಮೇಲೆಯೇ ಕ್ಯಾಲ್ಕುಲೇಟರ್ ಏಳುತ್ತಿತ್ತು. ಗಡಿಯಾರದ ಪಕ್ಕದ ಚಿಹ್ನೆಗಳ ಪೂರ್ವಜರು ಇವೇ. ಇಂಥವು ಎರಡು ಮೂರು ಸೇರಿದರೆ ಜಗಳವಾಡಿ ಯಂತ್ರವನ್ನೇ ನಿಲ್ಲಿಸುತ್ತಿದ್ದವು.

1992ರ ವಿಂಡೋಸ್ 3.1 ಹಲವು ಪ್ರೋಗ್ರಾಮುಗಳನ್ನು ನಡೆಸುತ್ತಿತ್ತು, ನಿಜ. ಆದರೆ ಓಡುತ್ತಿರುವ ಪ್ರೋಗ್ರಾಮು ತಾನಾಗಿ ಪಾಳಿ ಬಿಟ್ಟುಕೊಟ್ಟರೆ ಮಾತ್ರ ಮುಂದಿನದಕ್ಕೆ ಅವಕಾಶ. ಕಾಲುವೆಯ ಮೇಲ್ಭಾಗದವರು ಮನಸ್ಸು ಮಾಡಿದರಷ್ಟೇ ಕೊನೆಯ ಹೊಲಕ್ಕೆ ನೀರು ಎಂಬಂಥ ಏರ್ಪಾಡು. ಅದರ ಗತಿ ಏನೆಂದು ನಮ್ಮ ಇಂಡಿ ಕಡೆಯ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಒಂದು ಕೆಟ್ಟರೆ ಪರದೆಯ ಮೇಲೆ ಮರಳುಗಡಿಯಾರ ನಿಂತುಬಿಡುತ್ತಿತ್ತು. ಗೇಟಿನ ಕೀಲಿಕೈ ಆಪರೇಟಿಂಗ್ ಸಿಸ್ಟಮ್ ಕೈಗೆ ಬಂದದ್ದು 1993ರ ವಿಂಡೋಸ್ ಎನ್‌ಟಿಯಲ್ಲಿ, ಬಹುಮಟ್ಟಿಗೆ ವಿಂಡೋಸ್ 95ರಲ್ಲಿ. ಮ್ಯಾಕ್ ಬಳಕೆದಾರರು 2001ರವರೆಗೆ ಕಾದರು. ಎಂಐಟಿಯ ಗಡಿಯಾರ ವಿಂಡೋಸ್ ಓಡುವ ಮನೆಯ ಕಂಪ್ಯೂಟರಿಗೆ ಬರಲು ಮೂರು ದಶಕಗಳೇ ಬೇಕಾದವು.

ನಾನು ಕೈಯಾಡಿಸಿದ ಟಾಸ್ಕ್ ಮ್ಯಾನೇಜರ್ 1996ರ ಎನ್‌ಟಿ 4.0 ಜೊತೆ ಬಂದದ್ದು. ಅದರಲ್ಲಿ ನೂರಾರು ಹೆಸರು ಕಂಡು ಗಾಬರಿಯಾಗುವುದು ಸಹಜ. ಆದರೆ ಅವುಗಳಲ್ಲಿ ಹೆಚ್ಚಿನವು ಪಾಳಿಯಲ್ಲೂ ಇರುವುದಿಲ್ಲ, ನಿದ್ದೆಯಲ್ಲಿರುತ್ತವೆ. ಕೀಲಿ ಒತ್ತುವವರೆಗೆ ನುಡಿಗೆ ಕೆಲಸವಿಲ್ಲ. ಪ್ರೊಸೆಸರಿನ ಹೊತ್ತನ್ನೂ ಅದು ಕೇಳುವುದಿಲ್ಲ. ಮೆಮೊರಿಯಲ್ಲಿ ಒಂದಿಷ್ಟು ಜಾಗ ಹಿಡಿದಿರುತ್ತದೆ, ಅಷ್ಟೇ.

ಮೊಬೈಲಿನಲ್ಲಿ ಬ್ಯಾಟರಿಯ ಚಿಂತೆ ಸೇರಿದ್ದರಿಂದ ಯಜಮಾನಿಕೆ ಇನ್ನಷ್ಟು ಬಿಗಿಯಾಯಿತು. ಮೆಮೊರಿ ಸಾಲದಾದಾಗ ಆಂಡ್ರಾಯ್ಡ್ ತಾನೇ ಹಿನ್ನೆಲೆಯ ಆ್ಯಪ್‌ಗಳನ್ನು ಮುಗಿಸುತ್ತದೆ. 2015ರಿಂದ, ಫೋನು ಅಲುಗಾಡದೆ ಬಿದ್ದಿದ್ದರೆ ಅವುಗಳ ಇಂಟರ್ನೆಟ್ ಬಳಕೆಯನ್ನೂ ತಡೆಹಿಡಿಯುತ್ತದೆ. ಆದರೂ ಬಸ್ ನಿಲ್ದಾಣದಲ್ಲಿ ನಿಂತವರು ಆ್ಯಪ್‌ಗಳನ್ನು ಒಂದೊಂದಾಗಿ ಬೆರಳಿನಿಂದ ಸರಿಸಿ ಎಸೆಯುವುದು ನಿಂತಿಲ್ಲ. ನಾನೂ ಎಸೆಯುತ್ತೇನೆ. ಐದು ನಿಮಿಷದಲ್ಲಿ ಅದೇ ಆ್ಯಪ್ ಮತ್ತೆ ಬೇಕಾದರೆ ಮೊದಲಿನಿಂದ ಎಬ್ಬಿಸಲು ಹೆಚ್ಚು ಬ್ಯಾಟರಿ ಹೋಗುತ್ತದೆಂದು ಗೊತ್ತಿದ್ದೂ ಎಸೆಯುತ್ತೇನೆ.

ಅಂಗಡಿಯ ಹುಡುಗ ನುಡಿಯನ್ನು ಮತ್ತೆ ತೆರೆದು, ನಾನು ನೋಡದೇ ಬಿಟ್ಟಿದ್ದ ಕಾಲಮ್ಮಿಗೆ ಬೆರಳಿಟ್ಟ. ಸಿಪಿಯು ಆರಾಮವಾಗಿತ್ತು, ಡಿಸ್ಕ್ ಎಂಬಲ್ಲಿ ಶೇ 100. ಯಾವುದೋ ಅಪ್‌ಡೇಟ್ ತನ್ನನ್ನು ತಾನೇ ಬರೆದುಕೊಳ್ಳುತ್ತಿತ್ತು. ನಾವಿಬ್ಬರೂ ಚಹಾ ಕುಡಿದು ಬರುವಷ್ಟರಲ್ಲಿ ಅದು ಮುಗಿದಿತ್ತು. ಪತ್ರಿಕೆಯಲ್ಲಿ ಸೋದರಮಾವನ ಹೆಸರಿಗೆ ಒಂದು ದೀರ್ಘ ಹಾಕುವುದು ಬಾಕಿ ಇತ್ತು.