ಇಳಿಜಾರಿನಲ್ಲಿ ಭಾರದ ಗುಂಡು ಬೇಗ ಉರುಳುತ್ತದೆಯೇ?

ಪ್ರಶ್ನೆ: ಒಂದೇ ಇಳಿಜಾರಿನ ಮೇಲಿಂದ ದೊಡ್ಡ ಕಬ್ಬಿಣದ ಗುಂಡು, ಚಿಕ್ಕ ಗಾಜಿನ ಗೋಲಿ ಎರಡನ್ನೂ ಒಟ್ಟಿಗೆ ಬಿಟ್ಟರೆ ಮೊದಲು ಕೆಳಗೆ ಮುಟ್ಟುವುದು ಯಾವುದು? ಭಾರದ್ದೇ ಅಲ್ಲವೇ?

ಅಲ್ಲ, ಎರಡೂ ಒಟ್ಟಿಗೇ ಮುಟ್ಟುತ್ತವೆ. ಎರಡೂ ಒಳಗೆ ಗಟ್ಟಿಯಾಗಿ ತುಂಬಿರಬೇಕು, ಜಾರದೆ ಉರುಳಬೇಕು, ಅಷ್ಟೇ ಷರತ್ತು. ತೂಕ, ಗಾತ್ರ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಅದೇ ಕಬ್ಬಿಣದ ಗುಂಡಿನ ಪಕ್ಕದಲ್ಲಿ ಒಳಗೆ ಟೊಳ್ಳಾದ ಇನ್ನೊಂದನ್ನು ಬಿಡಿ. ಟೊಳ್ಳಿನದು ಎಷ್ಟೇ ಭಾರವಿದ್ದರೂ ಹಿಂದೆ ಬೀಳುತ್ತದೆ.

ತೂಕದ ಮಾತು ಬೇಗ ಮುಗಿಯುತ್ತದೆ. ಗುಂಡಿನ ದ್ರವ್ಯರಾಶಿ ಹತ್ತು ಪಟ್ಟಾದರೆ ಕೆಳಗೆಳೆಯುವ ಬಲವೂ ಹತ್ತು ಪಟ್ಟು, ಅದರ ವೇಗ ಹೆಚ್ಚಿಸಲು ಬೇಕಾದ ಬಲವೂ ಹತ್ತು ಪಟ್ಟು. ಒಂದಕ್ಕೊಂದು ವಜಾ ಆಗುತ್ತದೆ. ನೇರವಾಗಿ ಬೀಳುವ ವಸ್ತುಗಳಿಗೂ ಇದೇ ನ್ಯಾಯ.

ಗಾತ್ರದ್ದು ಇನ್ನೂ ಸ್ವಾರಸ್ಯ. ಉರುಳುವ ಗುಂಡು ಒಟ್ಟಿಗೆ ಎರಡು ಕೆಲಸ ಮಾಡುತ್ತದೆ: ಮುಂದೆ ಸಾಗುತ್ತದೆ, ತನ್ನ ಸುತ್ತ ತಾನೇ ತಿರುಗುತ್ತದೆ. ಎತ್ತರದಿಂದ ಸಿಕ್ಕ ಶಕ್ತಿಯನ್ನು ಈ ಎರಡಕ್ಕೂ ಹಂಚಬೇಕು. ಜಾರದೆ ಉರುಳುವಾಗ ಗುಂಡಿನ ಹೊರಮೈ ಅದರ ಕೇಂದ್ರದ ಸುತ್ತ ಸುತ್ತುವ ವೇಗ, ಕೇಂದ್ರ ಮುಂದೆ ಸಾಗುವ ವೇಗಕ್ಕೆ ಸರಿಸಮ. ದೊಡ್ಡ ಗುಂಡಾದರೂ ಅಷ್ಟೇ, ಗೋಲಿಯಾದರೂ ಅಷ್ಟೇ. ದೊಡ್ಡದು ನಿಧಾನವಾಗಿ ತಿರುಗುತ್ತದೆ ನಿಜ, ಆದರೆ ಅದರ ಸುತ್ತಳತೆಯೂ ದೊಡ್ಡದು. ಕೇಂದ್ರದಿಂದ ಅರ್ಧ ತ್ರಿಜ್ಯದಷ್ಟು ದೂರದ ಕಣ ಎರಡರಲ್ಲೂ ಅರ್ಧ ವೇಗದಲ್ಲೇ ಸುತ್ತುತ್ತದೆ. ಹೀಗಾಗಿ ತಿರುಗುವಿಕೆಗೆ ಹೋಗುವ ಪಾಲು ಗಾತ್ರ ನೋಡುವುದಿಲ್ಲ. ದ್ರವ್ಯರಾಶಿ ನಡುವಿಗೆ ಹತ್ತಿರ ಕೂತಿದೆಯೋ ಅಂಚಿಗೆ ಸರಿದಿದೆಯೋ ಎಂಬುದನ್ನಷ್ಟೇ ನೋಡುತ್ತದೆ.

ಗಟ್ಟಿ ಗುಂಡಿನಲ್ಲಿ ಈ ಪಾಲು 2/7, ತೆಳು ಚಿಪ್ಪಿನ ಟೊಳ್ಳು ಗುಂಡಿನಲ್ಲಿ 2/5. ದ್ರವ್ಯರಾಶಿಯೆಲ್ಲ ಅಂಚಿನಲ್ಲೇ ಇರುವ ಬಳೆಯಂಥ ಉಂಗುರದಲ್ಲಿ ಸರಿಯಾಗಿ ಅರ್ಧ. ಉಳಿದದ್ದಷ್ಟೇ ಮುಂದಿನ ಓಟಕ್ಕೆ. ವೇಗೋತ್ಕರ್ಷವೂ (ವೇಗ ಹೆಚ್ಚುವ ದರ) ಅದೇ ಅನುಪಾತದಲ್ಲಿ ಕುಗ್ಗುತ್ತದೆ: ಘರ್ಷಣೆಯೇ ಇಲ್ಲದೆ ಜಾರುವ ವಸ್ತುವಿಗೆ ಸಿಗುವುದರಲ್ಲಿ ಗಟ್ಟಿ ಗುಂಡಿಗೆ 5/7, ಟೊಳ್ಳಿಗೆ 3/5, ಉಂಗುರಕ್ಕೆ 1/2. ಹತ್ತು ಡಿಗ್ರಿ ಓರೆಯ, 2 ಮೀಟರ್ ಉದ್ದದ ಹಲಗೆ ಇಟ್ಟುಕೊಂಡರೆ ಗಟ್ಟಿ ಗುಂಡು ಸುಮಾರು 1.8 ಸೆಕೆಂಡಿನಲ್ಲಿ, ಟೊಳ್ಳು ಗುಂಡು 2 ಸೆಕೆಂಡಿನಲ್ಲಿ, ಉಂಗುರ 2.2 ಸೆಕೆಂಡಿನಲ್ಲಿ ಕೆಳಗಿರುತ್ತವೆ. ಕಣ್ಣಿಗೆ ಕಾಣುವಷ್ಟು ಅಂತರ. ಪರೀಕ್ಷಿಸುವವರು ಒಂದು ಸ್ಕೇಲನ್ನು ಅಡ್ಡ ಹಿಡಿದು ಎಲ್ಲವನ್ನೂ ಅದಕ್ಕೆ ಒರಗಿಸಿ, ಸ್ಕೇಲನ್ನು ತಟ್ಟನೆ ಮೇಲೆತ್ತಬೇಕು. ಎರಡು ಕೈಯಿಂದ ಬಿಟ್ಟರೆ ಒಂದು ಕೈ ಯಾವಾಗಲೂ ಮುಂದು!

ಇಲ್ಲಿ ಹೆಚ್ಚಿನವರು ಎಡವುವುದು ಘರ್ಷಣೆಯ ವಿಷಯದಲ್ಲಿ. ಗುಂಡು ನಿಧಾನವಾಗಿದ್ದು ಘರ್ಷಣೆಯಿಂದ, ಆದ್ದರಿಂದ ಆ ಶಕ್ತಿ ಶಾಖವಾಗಿ ಹೋಯಿತು ಎಂದುಕೊಳ್ಳುತ್ತಾರೆ. ಮೊದಲ ಅರ್ಧ ಸರಿ, ಎರಡನೆಯದು ತಪ್ಪು. ಘರ್ಷಣೆ ಇಲ್ಲದಿದ್ದರೆ ಗುಂಡು ತಿರುಗುತ್ತಲೇ ಇರಲಿಲ್ಲ, ಮಂಜುಗಡ್ಡೆಯ ತುಂಡಿನಂತೆ ಸುಮ್ಮನೆ ಜಾರಿ ಹೋಗುತ್ತಿತ್ತು. ಅದನ್ನು ಹಿಂದಕ್ಕೆ ಹಿಡಿದು ತಿರುಗಿಸುವುದು ಘರ್ಷಣೆಯೇ. ಆದರೆ ಉರುಳುವ ಗುಂಡು ನೆಲ ಮುಟ್ಟುವ ಬಿಂದು ಆ ಗಳಿಗೆಯಲ್ಲಿ ನಿಶ್ಚಲವಾಗಿರುತ್ತದೆ. ಉಜ್ಜಾಟವಿಲ್ಲ, ಹಾಗಾಗಿ ಶಾಖವೂ ಇಲ್ಲ. ಮುಂದಿನ ಓಟದಿಂದ ಕಡಿತವಾದ ಶಕ್ತಿಯೆಲ್ಲ ತಿರುಗುವಿಕೆಯಲ್ಲಿ ಹಾಗೇ ಜಮೆಯಾಗಿದೆ. ಕೆಳಗಿನ ಸಮತಟ್ಟು ಮುಗಿದು ಮತ್ತೊಂದು ಏರು ಬಂದರೆ, ಜಾರದೆ ಹತ್ತುವಾಗ ಗುಂಡು ಅದನ್ನೂ ಖರ್ಚು ಮಾಡಿ ಹೆಚ್ಚುಕಡಿಮೆ ಬಿಟ್ಟ ಎತ್ತರಕ್ಕೇ ಏರುತ್ತದೆ.

ಈ ಹಿಡಿತಕ್ಕೆ ಮಿತಿಯೂ ಇದೆ. ಗಟ್ಟಿ ಗುಂಡು ಜಾರದೆ ಉರುಳಬೇಕಾದರೆ ಘರ್ಷಣಾ ಗುಣಾಂಕವು (ಮೇಲ್ಮೈ ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಎಂಬುದರ ಅಳತೆ) ಇಳಿಜಾರಿನ ಕೋನದ ಟ್ಯಾಂಜೆಂಟ್‌ನ 2/7ಕ್ಕಿಂತ ಕಡಿಮೆಯಿರಬಾರದು. ಗುಣಾಂಕ 0.3 ಇರುವ ಮೇಲ್ಮೈಯಲ್ಲಿ ಸುಮಾರು 46 ಡಿಗ್ರಿವರೆಗೂ ಉರುಳುತ್ತದೆ. ಅದಕ್ಕಿಂತ ಕಡಿದಾದರೆ ಉರುಳುವುದರ ಜೊತೆ ಜಾರುವುದೂ ಸೇರುತ್ತದೆ. ಆಗ ನಿಜಕ್ಕೂ ಶಕ್ತಿ ಶಾಖವಾಗಿ ಸೋರುತ್ತದೆ. ಮೆತ್ತನೆಯ ರಬ್ಬರ್ ಚೆಂಡು, ಹಾಸಿದ ಬಟ್ಟೆ, ತೀರಾ ಹಗುರ ಚೆಂಡಿಗೆ ಅಡ್ಡ ಬರುವ ಗಾಳಿ ಇವೂ ಲೆಕ್ಕವನ್ನು ಕೆಡಿಸುತ್ತವೆ.

ಟೊಳ್ಳು ಗುಂಡಿನಲ್ಲಿ ನೀರು ತುಂಬಿದರೆ ಏನಾಗುತ್ತದೆ ಎಂದು ಯೋಚಿಸಿದ್ದೀರಾ? ಚಿಪ್ಪು ತೆಳುವಾಗಿದ್ದರೆ ಗಟ್ಟಿ ಗುಂಡನ್ನೂ ಹಿಂದೆ ಹಾಕುತ್ತದೆ. ಚಿಪ್ಪು ತಿರುಗಿದರೂ ಒಳಗಿನ ನೀರು ಅದರೊಂದಿಗೆ ತಕ್ಷಣ ತಿರುಗುವುದಿಲ್ಲ, ಹೆಚ್ಚಾಗಿ ಸುಮ್ಮನೆ ಮುಂದೆ ಸಾಗುತ್ತದೆ. ತಿರುಗುವಿಕೆಗೆ ಕೊಡಬೇಕಾದ ಪಾಲು ಉಳಿಯಿತು.

ಗೆಲಿಲಿಯೋ 17ನೇ ಶತಮಾನದ ಆರಂಭದಲ್ಲಿ ಮಾಡಿದ ಪ್ರಯೋಗಗಳೂ ಇಳಿಜಾರಿನವೇ. 1638ರಲ್ಲಿ ಪ್ರಕಟಿಸಿದ ವಿವರಣೆಯಲ್ಲಿ ಸುಮಾರು 12 ಮೊಳದ ಮರದ ಹಲಗೆ, ಅದರಲ್ಲಿ ಕೊರೆದು ನಯವಾದ ಚರ್ಮಪತ್ರ ಅಂಟಿಸಿದ ಕಾಲುವೆ, ಕಂಚಿನ ಗುಂಡು ಇವೆ. ಕಾಲ ಅಳೆಯಲು ಪಾತ್ರೆಯಿಂದ ಸಣ್ಣ ಧಾರೆಯಾಗಿ ಬಿದ್ದ ನೀರನ್ನು ಹಿಡಿದು ತೂಗುತ್ತಿದ್ದರು. ನಾಲ್ಕನೇ ಒಂದು ದೂರಕ್ಕೆ ಅರ್ಧ ಸಮಯ ಸಾಕು, ಅಂದರೆ ದೂರವು ಕಾಲದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ ಎಂದು ಕಂಡುಕೊಂಡರು. ತಿರುಗುವಿಕೆಯ ಪಾಲು ಅವರ ಲೆಕ್ಕದಲ್ಲಿ ಇರಲೇ ಇಲ್ಲ. ಆ ಗಣಿತ ರೂಪುಗೊಂಡಿದ್ದು 18ನೇ ಶತಮಾನದಲ್ಲಿ, ಗಣಿತಜ್ಞ ಆಯ್ಲರ್ ಕಾಲಕ್ಕೆ. ಆದರೂ ನಿಯಮ ತಪ್ಪಲಿಲ್ಲ. ಆ ಪಾಲು ಉದ್ದಕ್ಕೂ ಒಂದೇ ಆಗಿರುವುದರಿಂದ ಅನುಪಾತ ಕೆಡುವುದಿಲ್ಲ.

ಕೆಡುವುದು ಗುರುತ್ವದ ಬೆಲೆ (ನೇರವಾಗಿ ಬೀಳುವ ವಸ್ತುವಿನ ವೇಗೋತ್ಕರ್ಷ) ಕಂಡುಹಿಡಿಯಲು ಹೊರಟಾಗ. ಕಾಲುವೆಯಲ್ಲಿ ಗುಂಡು ಬುಡದ ಮೇಲೆ ನಿಲ್ಲದೆ ಎರಡು ಅಂಚುಗಳ ಮೇಲೆ ಕೂತರೆ ಉರುಳುವ ತ್ರಿಜ್ಯ ಚಿಕ್ಕದಾಗುತ್ತದೆ, ಅಷ್ಟೇ ದೂರಕ್ಕೆ ಹೆಚ್ಚು ಸುತ್ತು ತಿರುಗಬೇಕಾಗುತ್ತದೆ. 20 ಮಿಲಿಮೀಟರ್ ವ್ಯಾಸದ ಗುಂಡು 12 ಮಿಲಿಮೀಟರ್ ಅಗಲದ ಕಾಲುವೆಯಲ್ಲಿ ಕೂತಾಗ ಆ ತ್ರಿಜ್ಯ 10ರಿಂದ 8 ಮಿಲಿಮೀಟರಿಗೆ ಇಳಿಯುತ್ತದೆ, ವೇಗೋತ್ಕರ್ಷದ ಪಾಲು 0.71ರಿಂದ 0.62ಕ್ಕೆ. ಪ್ರಯೋಗಾಲಯದಲ್ಲಿ 5/7 ಎಂದೇ ಹಿಡಿದು ಲೆಕ್ಕ ಹಾಕಿದವರಿಗೆ 9.8ರ ಬದಲು ಸುಮಾರು 8.4 ಬರುತ್ತದೆ. ಆಗ ಸ್ಟಾಪ್‌ವಾಚನ್ನು ದೂರುವ ಮೊದಲು ಕಾಲುವೆಯ ಅಗಲ ಅಳೆಯಿರಿ.