ಘಮದ ಗುಲಾಬಿ, ಗಡಸು ನೀರು: ಚಿತ್ರದುರ್ಗದ ಹಿತ್ತಲಿನ ಟಿಪ್ಪಣಿ

ನಾನು ತಂದ ಮೊದಲ ಗುಲಾಬಿ ಗಿಡ ಹದಿನಾಲ್ಕು ತಿಂಗಳು ಬೆಳೆಯಿತೇ ಹೊರತು ಒಂದು ಮೊಗ್ಗೂ ಬಿಡಲಿಲ್ಲ. ಆರಡಿ ಉದ್ದದ ಕೊಂಬೆಗಳು, ಹಸಿರೋ ಹಸಿರು. ಗೊಬ್ಬರ ಚೆನ್ನಾಗಿ ಹಿಡಿದಿದೆ ಎಂದು ನಾನು ಹಿಗ್ಗುತ್ತಿದ್ದೆ. ಒಂದು ದಿನ ಎದುರು ಮನೆ ಅಜ್ಜಿ ಕಾಂಪೌಂಡಿನ ಮೇಲಿಂದ ಬಗ್ಗಿ ನೋಡಿ, "ಏನವ್ವಾ, ಯಜಮಾನನ್ನ ಉಪವಾಸ ಕೆಡವಿ ಬುಡದ ಕಳ್ಳನಿಗೆ ಉಣ್ಣಿಸ್ತಾ ಇದೀಯಲ್ಲ" ಅಂದರು. ಮಣ್ಣು ಕೆದಕಿ ನೋಡಿದೆ. ಕಸಿಯ ಗಂಟಿನ ಮೇಲಿನ ಭಾಗ ಯಾವಾಗಲೋ ಒಣಗಿ ಕಡ್ಡಿಯಾಗಿತ್ತು. ನಾನು ಇಷ್ಟು ದಿನ ಸಾಕಿದ್ದು ಕೆಳಗಿನ ಕಾಡುಬೇರಿನ ಚಿಗುರನ್ನು.

ನರ್ಸರಿಯಲ್ಲಿ ಸಿಗುವ ಬಹುಪಾಲು ಗುಲಾಬಿ ಕಣ್ಣು ಕಸಿಯದು. ಗಟ್ಟಿ ಬೇರಿನ ಕಾಡು ಜಾತಿಯ ಕಾಂಡದಲ್ಲಿ ಟಿ ಅಕ್ಷರದ ಆಕಾರಕ್ಕೆ ತೊಗಟೆ ಸೀಳಿ, ಬೇಕಾದ ತಳಿಯ ಒಂದು ಕಣ್ಣು ಕೂರಿಸಿರುತ್ತಾರೆ. ಆ ಗಂಟಿನ ಕೆಳಗಿಂದ ಬಂದದ್ದೆಲ್ಲ ಕಳ್ಳ ಚಿಗುರು. "ಒಂದು ದೇಟಿಗೆ ಐದು ಎಲೆ ಇದ್ದರೆ ಒಳ್ಳೆಯದು, ಏಳು ಎಲೆ ಇದ್ದರೆ ಕಾಡು" ಎಂಬ ಲೆಕ್ಕವನ್ನು ಬಹಳ ಜನ ಹೇಳುತ್ತಾರೆ. ಅದನ್ನು ನಂಬಬೇಡಿ, ಸುವಾಸನೆಯ ಪೊದೆ ಗುಲಾಬಿಗಳಲ್ಲೇ ಕೆಲವಕ್ಕೆ ಏಳು ಎಲೆ ಇರುತ್ತವೆ. ಚಿಗುರು ಎಲ್ಲಿಂದ ಹೊರಟಿದೆ ಎಂದು ಬೆರಳಿಟ್ಟು ಬುಡದವರೆಗೆ ಹೋಗಿ ನೋಡುವುದೊಂದೇ ದಾರಿ. ಕಳ್ಳ ಚಿಗುರನ್ನು ಕತ್ತರಿಯಿಂದ ಕತ್ತರಿಸಿದರೆ ಬುಡದಲ್ಲಿ ಉಳಿದ ಕಣ್ಣುಗಳಿಂದ ಎರಡು ಮೂರು ಚಿಗುರು ಬರುತ್ತವೆ. ಹಿಡಿದು ಕೆಳಕ್ಕೆ ಎಳೆದು ಕಿತ್ತು ತೆಗೆಯಬೇಕು.

ಈ ಪೇಚಾಟವೇ ಬೇಡ ಎನ್ನುವವರಿಗೆ ಸ್ವಂತ ಬೇರಿನ ಗಿಡ ಇದೆ. ನಮ್ಮ ಕಡೆಯ ಪನ್ನೀರು ಗುಲಾಬಿ ಅಂಥದ್ದು, ಅದನ್ನು ಎಡ್ವರ್ಡ್ ಗುಲಾಬಿ ಅಂತಲೂ ಕರೆಯುತ್ತಾರೆ. ಗುಲಾಬಿ ಬಣ್ಣ, ಒತ್ತೊತ್ತಾದ ಎಸಳು, ಮೂಗಿಗೆ ಹತ್ತಿರ ತಂದರೆ ಸಾಕು ಗುಲ್ಕಂದಿನ ನೆನಪು. ಇದು ಬೂರ್ಬೊನ್ ಗುಂಪಿನದು. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪಕ್ಕೆ ಆಗ ಬೂರ್ಬೊನ್ ಎಂದು ಹೆಸರಿತ್ತು. 19ನೇ ಶತಮಾನದ ಆರಂಭದಲ್ಲಿ ಅಲ್ಲಿನ ಬೇಲಿಗಳಲ್ಲಿ ಡಮಾಸ್ಕ್ ಗುಲಾಬಿಯೂ ಚೀನಾ ಗುಲಾಬಿಯೂ ತಾವಾಗಿಯೇ ಕೂಡಿ ಹುಟ್ಟಿದ ಗುಂಪು ಇದು. ಡಮಾಸ್ಕ್‌ನಿಂದ ಘಮ, ಚೀನಾದಿಂದ ಮತ್ತೆ ಮತ್ತೆ ಹೂ ಬಿಡುವ ಗುಣ. ಉತ್ತರ ಪ್ರದೇಶದ ಕನೌಜಿನ ಅತ್ತರಿಗೆ ಹೋಗುವ ಅಪ್ಪಟ ಡಮಾಸ್ಕ್ ನಮ್ಮಲ್ಲಿ ಏಕೆ ಹೂವಾಗದು ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಅದಕ್ಕೆ ಗಟ್ಟಿ ಚಳಿಗಾಲ ಬೇಕು, ಅಲ್ಲಿ ಕೂಡ ಹೂ ಬರುವುದು ಮಾರ್ಚ್–ಏಪ್ರಿಲ್‌ನ ಕೆಲವೇ ವಾರ. ದುರ್ಗದ ಚಳಿ ಅದಕ್ಕೆ ಲೆಕ್ಕಕ್ಕಿಲ್ಲ. ಕೆಂಪು ಬೇಕೆಂದರೆ 1897ರ ಗ್ರೂಸ್ ಆನ್ ಟೆಪ್ಲಿಟ್ಸ್ ತಳಿ ನೋಡಿ. ಉತ್ತರ ಭಾರತದಲ್ಲಿ ಹಾರಕ್ಕೆಂದೇ ಎಕರೆಗಟ್ಟಲೆ ಬೆಳೆಯುವ ಘಮದ ಪೊದೆ ಅದು. ಇಂಗ್ಲೆಂಡಿನ ಡೇವಿಡ್ ಆಸ್ಟಿನ್ ತಳಿಗಳು ಚಂದ ನಿಜ, ಆದರೆ ನಮ್ಮ ಸೆಕೆಗೆ ಬಳ್ಳಿಯಂತೆ ಉದ್ದ ಹೋಗುತ್ತವೆ. ಕಲಿಯುವವರು ಅಲ್ಲಿಂದ ಶುರು ಮಾಡಬೇಡಿ.

ಘಮ ಇರುವುದು ಎಸಳಿನ ಮೇಲ್ಪದರದ ಜೀವಕೋಶಗಳಲ್ಲಿ. ಜೆರಾನಿಯಾಲ್, ಸಿಟ್ರೊನೆಲಾಲ್, ಫಿನೈಲ್ ಎಥನಾಲ್ ಮುಖ್ಯ ಸಂಯುಕ್ತಗಳು. ಇವುಗಳಲ್ಲಿ ಫಿನೈಲ್ ಎಥನಾಲ್ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಪನ್ನೀರಿಗೆ ಆ ವಾಸನೆ ಬರುವುದು ಅದರಿಂದಲೇ. ಜೆರಾನಿಯಾಲ್ ತಯಾರಿಸಲು ಬೇರೆ ಗಿಡಗಳು ಬಳಸುವ ದಾರಿ ಒಂದು, ಗುಲಾಬಿ ಹಿಡಿದ ದಾರಿಯೇ ಇನ್ನೊಂದು ಎಂದು 2015ರಲ್ಲಿ ಗೊತ್ತಾಯಿತು. ಅದರ ಕಿಣ್ವದ ಹೆಸರು ನುಡೆಕ್ಸ್-1 (NUDX1). ವಾಸನೆ ಇಲ್ಲದ ತಳಿಗಳಲ್ಲಿ ಈ ಕಿಣ್ವದ ವಂಶವಾಹಿ ಹೆಚ್ಚುಕಡಿಮೆ ಮಲಗಿರುತ್ತದೆ. ಅಂಥ ಗಿಡಕ್ಕೆ ನೀವು ಏನೇ ಗೊಬ್ಬರ ಸುರಿಯಿರಿ, ಘಮ ಬರುವುದಿಲ್ಲ. ಹಾಗಾಗಿ ಕೊಳ್ಳುವ ಮುನ್ನ ಮೂಸಿ ನೋಡಿ, ಅದೂ ಬೆಳಿಗ್ಗೆ, ಅರ್ಧ ಅರಳಿದ ಹೂವನ್ನು. ಮಧ್ಯಾಹ್ನ ಹೋದರೆ ಒಳ್ಳೆಯ ತಳಿಯೂ ಸಪ್ಪೆ ಅನಿಸುತ್ತದೆ.

ಇನ್ನು ನಮ್ಮ ಜಿಲ್ಲೆಯ ನಿಜವಾದ ತಲೆನೋವು, ನೀರು. ಆಳದ ಬೋರ್‌ವೆಲ್ ನೀರಿನಲ್ಲಿ ಬೈಕಾರ್ಬನೇಟ್ ಹೆಚ್ಚು. ದಿನವೂ ಹಾಕುತ್ತಾ ಹೋದರೆ ಕುಂಡದ ಅಂಚಿಗೆ ಬಿಳಿ ಪೊರೆ ಕಟ್ಟುತ್ತದೆ, ಮಣ್ಣು ನಿಧಾನಕ್ಕೆ ಕ್ಷಾರವಾಗುತ್ತದೆ. ಗುಲಾಬಿಗೆ ಬೇಕಾದದ್ದು 6ರಿಂದ 6.5ರ ಆಸುಪಾಸಿನ ಪಿಎಚ್. ಅದು 7.5 ದಾಟಿದರೆ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಗುರುತು ಸುಲಭ: ಹೊಸ ಎಲೆ ಹಳದಿಯಾಗಿ, ನರ ಮಾತ್ರ ಹಸಿರಾಗಿ ಉಳಿಯುತ್ತದೆ, ಬಲೆ ಬರೆದಂತೆ. ಹಳೇ ಎಲೆ ಮೊದಲು ಹಳದಿಯಾದರೆ ಅದು ಬೇರೆ ಕಥೆ, ಸಾರಜನಕದ ಕೊರತೆ ಇರಬಹುದು.

ಮಣ್ಣಿನಲ್ಲಿ ಸುಣ್ಣ ಇದೆಯೇ ಎಂದು ತಿಳಿಯಲು ನಾನು ಮಾಡುವುದು ಇಷ್ಟೇ: ಒಣ ಮಣ್ಣು ಒಂದು ಚಮಚ ತಟ್ಟೆಯಲ್ಲಿಟ್ಟು ಅದರ ಮೇಲೆ ವಿನೆಗರ್ ಬಿಡುವುದು. ನಮ್ಮ ಹಿತ್ತಲಿನ ಮಸಾರಿ ಮಣ್ಣು ಸುಮ್ಮನೆ ನೆನೆಯಿತು. ದಾವಣಗೆರೆಯ ತಂಗಿ ಮನೆಯಿಂದ ತಂದ ಎರೆಮಣ್ಣು ಸಣ್ಣಗೆ ಚುರ್ ಎಂದು ನೊರೆ ಬಿಟ್ಟಿತು, ಅದರಲ್ಲಿ ಸುಣ್ಣಕಲ್ಲಿನ ಹರಳು ಕಣ್ಣಿಗೇ ಕಾಣುತ್ತಿತ್ತು. ಅಂಥ ಎರೆಯಲ್ಲಿ ನೇರ ನೆಡಬೇಡಿ. ನೀರೂ ನಿಲ್ಲುತ್ತದೆ, ಬೇರೂ ಕೊಳೆಯುತ್ತದೆ. ಒಂದಡಿ ಏರು ಮಡಿ ಮಾಡಿ, ಮಸಾರಿ ಮಣ್ಣು, ಕಳಿತ ಕುರಿ ಗೊಬ್ಬರ ಬೆರೆಸಿ ನೆಡಿ. ಕುರಿ ಹಿಕ್ಕೆ ಹಸಿಯಾಗಿದ್ದರೆ ಬೇರು ಸುಡುತ್ತದೆ, ಪುಡಿಯಾಗುವವರೆಗೆ ಕಾಯಿರಿ. ಚಳ್ಳಕೆರೆ ಎಣ್ಣೆ ಗಾಣಗಳ ಶೇಂಗಾ ಹಿಂಡಿ ನೆನೆಹಾಕಿ ತೆಳುವಾಗಿ ಹಾಕಿದರೆ ಗಿಡ ಖುಷಿಪಡುತ್ತದೆ. ಒಲೆ ಬೂದಿ ಮಾತ್ರ ಬೇಡ. ಗುಲಾಬಿಗೆ ಬೂದಿ ಒಳ್ಳೆಯದು ಎಂದು ನಾನೂ ವರ್ಷವಿಡೀ ಹಾಕಿದೆ. ಮೊದಲೇ ಕ್ಷಾರದ ನೀರು, ಮೇಲೆ ಕ್ಷಾರದ ಬೂದಿ, ಎಲೆಗಳೆಲ್ಲ ಹಳದಿ.

ಪರಿಹಾರಕ್ಕೆ ಲೀಟರಿಗೆ 5 ಗ್ರಾಂ ಅನ್ನಭೇದಿ (ಕಬ್ಬಿಣದ ಸಲ್ಫೇಟ್), ಒಂದು ಚಿಟಿಕೆ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಸೇರಿಸಿ ಸಂಜೆ ಎಲೆಗೆ ಸಿಂಪಡಿಸಿ. ಅನ್ನಭೇದಿಯನ್ನು ಕ್ಷಾರದ ಮಣ್ಣಿಗೇ ಹಾಕಿದರೆ ಬೇಗನೆ ತುಕ್ಕಿನಂತಾಗಿ ದಂಡ. ಅದಕ್ಕಿಂತ ದೊಡ್ಡ ಪರಿಹಾರ ಚಾವಣಿಯ ಮಳೆನೀರು. ನಮ್ಮ ಕೋಟೆಯ ಹೊಂಡಗಳನ್ನು ನೋಡಿ ಬೆಳೆದವರಿಗೆ ಇದನ್ನು ಹೇಳಿಕೊಡಬೇಕೆ? ಬಂಡೆಯ ಮೇಲೆ ಬಿದ್ದ ಹನಿಯನ್ನೇ ಮೇಲಿನ ಹೊಂಡದಿಂದ ಕೆಳಗಿನ ಹೊಂಡಕ್ಕೆ ಇಳಿಸಿ ಒಂದು ಊರು ಬದುಕಿತ್ತು. ನನ್ನ ಬಳಿ ಇರುವುದು ಎರಡು ಡ್ರಮ್ಮು. ವಾರಕ್ಕೊಮ್ಮೆ ಮಳೆನೀರು, ಉಳಿದ ದಿನ ಬೋರ್ ನೀರು. ಬುಡಕ್ಕೆ ಶೇಂಗಾ ಸಿಪ್ಪೆ ಹೊದಿಸಿದರೆ ಬೇಸಿಗೆಯಲ್ಲಿ ನೀರು ಅರ್ಧ ಉಳಿದಂತೆ ಅನಿಸುತ್ತದೆ. ಗೆದ್ದಲಿನ ಭಯಕ್ಕೆ ಕಾಂಡದಿಂದ ಒಂದು ಗೇಣು ದೂರ ಇಡಿ.

ಈಗ ಕತ್ತರಿಯ ವಿಷಯ. ಉದ್ದ ದೇಟಿನ ಹೈಬ್ರಿಡ್ ಟೀ ಗುಲಾಬಿಯನ್ನು ನಾಲ್ಕೈದು ಕಣ್ಣು ಬಿಟ್ಟು ಬೋಳಿಸುವುದುಂಟು. ಅದನ್ನೇ ಓದಿಕೊಂಡು ನಾನು ಪನ್ನೀರು ಗುಲಾಬಿಯನ್ನೂ ಮೊಣಕಾಲೆತ್ತರಕ್ಕೆ ತಂದೆ. ಮುಂದಿನ ಐದು ತಿಂಗಳು ಬರೀ ಸೊಪ್ಪು. ಪೊದೆ ಗುಲಾಬಿಗೆ ಒಣ ಕಡ್ಡಿ, ಒಂದಕ್ಕೊಂದು ಉಜ್ಜುವ ಕೊಂಬೆ, ತೀರಾ ಮುದಿಯಾದ ಒಂದೆರಡು ಕಾಂಡ, ಇಷ್ಟು ತೆಗೆದರೆ ಸಾಕು. ಕಾಲವೆಂದರೆ ಸ್ವಾತಿ ಮಳೆ ಕಳೆದ ಮೇಲೆ, ನವೆಂಬರ್ ಮಧ್ಯಕ್ಕೆ. ನಮ್ಮಲ್ಲಿ ಮಳೆಯ ಜೋರು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ, ಆಗ ಕತ್ತರಿಸಿದರೆ ಗಾಯಕ್ಕೆ ಶಿಲೀಂಧ್ರ ಹತ್ತಿ ತುದಿಯಿಂದ ಕೆಳಕ್ಕೆ ಒಣಗುತ್ತಾ ಬರುತ್ತದೆ. ನವೆಂಬರಿನಲ್ಲಿ ಸವರಿದರೆ ಸಂಕ್ರಾಂತಿಯ ಹೊತ್ತಿಗೆ ಹೂ.

ಕತ್ತರಿಗಿಂತ ಕೆಲಸ ಮಾಡುವುದು ಬಗ್ಗಿಸುವುದು. ನೆಟ್ಟಗೆ ನಿಂತ ಕೊಂಬೆಯ ತುದಿಯಲ್ಲಿ ಆಕ್ಸಿನ್ ಎಂಬ ಬೆಳವಣಿಗೆಯ ಹಾರ್ಮೋನು ತಯಾರಾಗಿ ಕೆಳಕ್ಕೆ ಹರಿಯುತ್ತದೆ, ಅದು ಕೆಳಗಿನ ಕಣ್ಣುಗಳನ್ನು ಮಲಗಿಸಿಡುತ್ತದೆ. ಹಾಗಾಗಿ ತುದಿಯಲ್ಲಿ ಮಾತ್ರ ಒಂದು ಗೊಂಚಲು. ಅದೇ ಕೊಂಬೆಯನ್ನು ಬಿಲ್ಲಿನಂತೆ ಬಾಗಿಸಿ ತುದಿಯನ್ನು ನೆಲದ ಗೂಟಕ್ಕೆ ಬಾಳೆ ನಾರಿನಿಂದ ಕಟ್ಟಿದರೆ ತುದಿಯ ಹಿಡಿತ ಸಡಿಲಾಗಿ ಮಲಗಿದ್ದ ಕಣ್ಣುಗಳು ಏಳುತ್ತವೆ. ಕಳೆದ ವರ್ಷ ಒಂದೇ ಕೊಂಬೆಯ ಮೇಲ್ಮೈಯಲ್ಲಿ ಹನ್ನೊಂದು ಕುಡಿ ಎಣಿಸಿದೆ, ಒಂಬತ್ತರಲ್ಲಿ ಮೊಗ್ಗಿತ್ತು. ನೀರು ಹಾಕಿದ ಮರುದಿನ, ಕೊಂಬೆ ಎಳೆಯದಾಗಿದ್ದಾಗ, ನಿಧಾನಕ್ಕೆ ಬಗ್ಗಿಸಿ. ಆಷಾಢದಲ್ಲಿ ಜೋಗಿಮಟ್ಟಿ ಕಡೆಯಿಂದ ಬೀಸುವ ಗಾಳಿಗೂ ಬಾಗಿದ ಕೊಂಬೆ ಮುರಿಯುವುದಿಲ್ಲ.

ರೋಗಗಳಲ್ಲಿ ಎರಡನ್ನು ಬೆರೆಸಬೇಡಿ. ಕಪ್ಪು ಚುಕ್ಕೆಗೆ ಗಂಟೆಗಟ್ಟಲೆ ಒದ್ದೆ ಎಲೆ ಬೇಕು, ಅದು ಮಳೆಗಾಲದ್ದು. ಬೂದಿ ರೋಗಕ್ಕೆ ಒದ್ದೆ ಎಲೆ ಬೇಡ, ತಂಪು ರಾತ್ರಿ ಸಾಕು, ಅದು ಡಿಸೆಂಬರಿನದು. ಮಾರ್ಚಿನ ಬಿಸಿಲಿಗೆ ಎಲೆಯ ಕೆಳಗೆ ಕೆಂಪು ಜೇಡ ನುಸಿ, ಅದಕ್ಕೆ ಬೆಳಗಿನ ಹೊತ್ತು ಎಲೆಯಡಿಗೆ ನೀರು ಚಿಮ್ಮಿಸಿ. ಕಪ್ಪು ಚುಕ್ಕೆಗೆ ಶೇ. 1ರ ಬೋರ್ಡೋ ದ್ರಾವಣ ಆಗುತ್ತದೆ, ಲೀಟರಿಗೆ 10 ಗ್ರಾಂ ಮೈಲುತುತ್ತ (ತಾಮ್ರದ ಸಲ್ಫೇಟ್), 10 ಗ್ರಾಂ ಸುಣ್ಣ. ಹೊಳಲ್ಕೆರೆ, ಚನ್ನಗಿರಿಯ ಅಡಿಕೆ ತೋಟದವರನ್ನು ಕೇಳಿ, ಪ್ಲಾಸ್ಟಿಕ್ ಬಕೆಟ್ಟಿನಲ್ಲೇ ಕಲಸಬೇಕು ಎನ್ನುತ್ತಾರೆ. ಕಬ್ಬಿಣದ ಚಾಕು ಅದ್ದಿ ನೋಡಿ, ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಕಡಿಮೆಯಾಗಿದೆ ಎಂದರ್ಥ.

ಕೊನೆಗೆ ಕಡ್ಡಿ ನೆಡುವುದು. ಹೂ ಉದುರಿದ ಕೊಂಬೆಯಿಂದ ಪೆನ್ಸಿಲ್ ದಪ್ಪದ, ಒಂದು ಗೇಣುದ್ದದ ಕಡ್ಡಿ ಆರಿಸಿ, ಅರ್ಧ ಮರಳು ಅರ್ಧ ಮಣ್ಣಿನಲ್ಲಿ ಎರಡು ಮೂರು ಕಣ್ಣು ಒಳಗಿರುವಂತೆ ನೆರಳಿನಲ್ಲಿ ಊರಿ. ಚಿಗುರು ಬಂತೆಂದು ಕಿತ್ತು ನೋಡಬೇಡಿ, ಬೇರು ಬರಲು ಒಂದೂವರೆ ತಿಂಗಳಾದರೂ ಬೇಕು. ಕತ್ತರಿಸುವಾಗ ಕೆಳತುದಿಯನ್ನು ಓರೆಯಾಗಿ, ಮೇಲ್ತುದಿಯನ್ನು ನೇರವಾಗಿ ಕತ್ತರಿಸಿ, ಯಾವುದು ಬುಡ ಎಂದು ಮರೆಯುವುದಿಲ್ಲ. ಅಜ್ಜಿ ಕೊಟ್ಟ ಆರು ಕಡ್ಡಿಯಲ್ಲಿ ಎರಡನ್ನು ನಾನು ತಲೆಕೆಳಗಾಗಿ ನೆಟ್ಟಿದ್ದೆ.