ಒಂದು ಚೀಲ, ಮೂರು ಡಾಕ್ಟರ ಮಾತ್ರೆ

ಕಳೆದ ಮೇ ತಿಂಗಳಲ್ಲಿ ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಔಷಧಿ ಅಂಗಡಿಗೆ ಒಬ್ಬರು ಬಂದು, "ಅಣ್ಣ, ಅತ್ತೆಗೆ ಮರೆವಿನ ಕಾಯಿಲೆ ಶುರುವಾಗಿದೆ, ಒಳ್ಳೆಯ ಡಾಕ್ಟರ್ ಯಾರಿದ್ದಾರೆ ಹೇಳಿ" ಎಂದರು. ಅತ್ತೆ ಕುಂದಾಪುರದ ಕಡೆಯವರು. ವಯಸ್ಸು 76. ಹದಿನೈದು ದಿನದ ಹಿಂದಷ್ಟೇ ಅಂಗಡಿಗೆ ಬಂದು, ಚಿಲ್ಲರೆಯಲ್ಲಿ ಮೂರು ರೂಪಾಯಿ ಕಮ್ಮಿ ಕೊಟ್ಟಿದ್ದೀಯ ಎಂದು ಸರಿಯಾಗಿ ಲೆಕ್ಕ ಹೇಳಿ ಇಸಿದುಕೊಂಡು ಹೋದವರು. ಈಗ ರಾತ್ರಿ ಎದ್ದು ಕೂರುತ್ತಾರಂತೆ. ಗೋಡೆ ತುಂಬ ಇರುವೆ ಎಂದು ಸೆರಗಿನಲ್ಲಿ ಒರೆಸುತ್ತಾರಂತೆ. ಗೋಡೆಯಲ್ಲಿ ಒಂದು ಇರುವೆಯೂ ಇಲ್ಲ.

ಮರೆವಿನ ಕಾಯಿಲೆ ಹದಿನೈದು ದಿನದಲ್ಲಿ ಹೀಗೆ ಬರುವುದಿಲ್ಲ. ಅದು ವರ್ಷಗಟ್ಟಲೆ ನಿಧಾನವಾಗಿ ಬರುತ್ತದೆ. ನೆಟ್ಟಗಿದ್ದವರು ನಾಲ್ಕು ದಿನದಲ್ಲಿ ಗೊಂದಲಕ್ಕೆ ಬಿದ್ದರೆ ಸೋಂಕು ಇರಬಹುದು, ರಕ್ತದಲ್ಲಿ ಸೋಡಿಯಂ ಇಳಿದಿರಬಹುದು, ಇಲ್ಲವೇ ಔಷಧಿ. ಮನೆಯಲ್ಲಿರುವ ಮಾತ್ರೆ ಎಲ್ಲ ಒಂದು ಚೀಲಕ್ಕೆ ಹಾಕಿ ತನ್ನಿ, ಒಂದನ್ನೂ ಬಿಡಬೇಡಿ ಎಂದೆ.

ಅರ್ಧ ಗಂಟೆಯಲ್ಲಿ ಚೀಲ ಬಂತು. ಕೌಂಟರ್ ಮೇಲೆ ಸುರಿದೆವು. ಬಿಪಿ ಮಾತ್ರೆ, ಶುಗರ್ ಮಾತ್ರೆ ಸರಿ. ಒಂದಕ್ಕೆ ತಡೆದುಕೊಳ್ಳಲು ಆಗುವುದಿಲ್ಲ ಎಂದು ಮೂತ್ರದ ಡಾಕ್ಟರ್ ಬರೆದ ಸೊಲಿಫೆನಾಸಿನ್ 10 ಮಿ.ಗ್ರಾಂ. ಪಾದದ ಉರಿಗೆ ಇನ್ನೊಬ್ಬ ಡಾಕ್ಟರ್ ಬರೆದ ಅಮಿಟ್ರಿಪ್ಟಿಲಿನ್, ರಾತ್ರಿಗೆ ಒಂದು. ಆಮೇಲೆ ಕತ್ತರಿಯಲ್ಲಿ ಕತ್ತರಿಸಿದ ಒಂದು ಸ್ಟ್ರಿಪ್ ತುಂಡು. ಅದರಲ್ಲಿ ಹೆಸರೂ ಇಲ್ಲ, ತಾರೀಖೂ ಇಲ್ಲ, ಬಣ್ಣ ನೋಡಿ ಗುರುತು ಹಿಡಿದೆ. ಕ್ಲೋರ್‌ಫೆನಿರಮೈನ್ ಇರುವ ನೆಗಡಿ ಮಾತ್ರೆ. ದಿನಕ್ಕೆ ಮೂರರಂತೆ ಹತ್ತು ದಿನದಿಂದ ನುಂಗುತ್ತಿದ್ದರು. ಇದರ ಜೊತೆಗೆ ಮಲಬದ್ಧತೆಗೆ ಒಂದು ಸಿರಪ್, ಕಣ್ಣು ಒಣಗುತ್ತದೆ ಎಂದು ಒಂದು ಡ್ರಾಪ್ಸ್.

ಆ ನೆಗಡಿ ಮಾತ್ರೆ ನಮ್ಮ ಅಂಗಡಿಯಿಂದಲೇ ಹೋಗಿತ್ತು. ನಮ್ಮ ಹುಡುಗ ಕೊಟ್ಟಿದ್ದ, ಬೇರೆ ಏನು ತೆಗೆದುಕೊಳ್ಳುತ್ತೀರಿ ಎಂದು ಕೇಳಿರಲಿಲ್ಲ. ಅದು ಈಗಲೂ ನನಗೆ ಚುಚ್ಚುತ್ತದೆ.

ಮೂರು ಬೇರೆ ಬೇರೆ ತೊಂದರೆಗೆ ಮೂರು ಬೇರೆ ಬೇರೆ ಮಾತ್ರೆ. ಆದರೆ ದೇಹದ ಒಳಗೆ ಮೂರೂ ಒಂದೇ ಕೆಲಸ ಮಾಡುತ್ತವೆ, ಅಸಿಟೈಲ್‌ಕೋಲಿನ್ ಎಂಬ ವಸ್ತುವಿಗೆ ಅಡ್ಡ ನಿಲ್ಲುತ್ತವೆ. ಇಂಥ ಔಷಧಿಗಳಿಗೆ ಆಂಟಿಕೋಲಿನರ್ಜಿಕ್ ಎನ್ನುತ್ತಾರೆ. ನರ ತನ್ನ ಮಾತನ್ನು ಅಂಗಕ್ಕೆ ಮುಟ್ಟಿಸುವುದು ಇಂಥ ರಾಸಾಯನಿಕದ ಮೂಲಕ. 1921ರಲ್ಲಿ ಓಟ್ಟೋ ಲೋವಿ ಎಂಬ ವಿಜ್ಞಾನಿ ಇದನ್ನು ಕಪ್ಪೆಗಳ ಹೃದಯದಲ್ಲಿ ತೋರಿಸಿದರು. ಒಂದು ಹೃದಯದ ನರವನ್ನು ಕೆಣಕಿ ಬಡಿತ ನಿಧಾನ ಮಾಡಿದರು, ಅದರ ಸುತ್ತಲಿನ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಕಿದರು. ಅದೂ ನಿಧಾನವಾಯಿತು. ದ್ರವದಲ್ಲಿದ್ದದ್ದು ಅಸಿಟೈಲ್‌ಕೋಲಿನ್. 1936ರಲ್ಲಿ ಅವರಿಗೂ ಹೆನ್ರಿ ಡೇಲ್ ಅವರಿಗೂ ನೊಬೆಲ್ ಬಂತು.

ಜೊಲ್ಲು ಸುರಿಸುವುದು, ಕರುಳನ್ನು ನಡೆಸುವುದು, ಮೂತ್ರಕೋಶವನ್ನು ಹಿಂಡುವುದು, ಕಣ್ಣಿನ ಪಾಪೆಯನ್ನು ಚಿಕ್ಕದು ಮಾಡುವುದು, ಬೆವರು ಬರಿಸುವುದು, ಮಿದುಳಿನಲ್ಲಿ ಗಮನ ಮತ್ತು ನೆನಪನ್ನು ಹಿಡಿದಿಡುವುದು, ಇಷ್ಟರಲ್ಲೂ ಅಸಿಟೈಲ್‌ಕೋಲಿನ್ ಕೈ ಇದೆ. ನಮಗೆ ಬೇಕಾಗಿರುವುದು ಮೂತ್ರಕೋಶ ಸುಮ್ನೆ ಹಿಂಡದೆ ಇರಲಿ ಎಂಬುದಷ್ಟೇ. ಆದರೆ ಮಾತ್ರೆಗೆ ವಿಳಾಸ ಗೊತ್ತಿಲ್ಲ, ಎಲ್ಲ ಕಡೆಗೂ ಹೋಗುತ್ತದೆ.

ಈ ಗುಣ ನಮ್ಮ ಊರಿನವರಿಗೆ ಹೊಸದಲ್ಲ. ಶಿವರಾತ್ರಿಗೆ ಶಿವನಿಗೆ ಏರಿಸುವ ದತ್ತೂರಿ ಹೂವಿನ ಗಿಡದಲ್ಲಿ ಅಟ್ರೋಪಿನ್, ಸ್ಕೋಪೊಲಮೈನ್ ಇವೆ, ಅವೂ ಇದೇ ಜಾತಿ. ಆ ಗಿಡಕ್ಕೆ ಕನ್ನಡದಲ್ಲಿ ಇನ್ನೊಂದು ಹೆಸರು ಉಮ್ಮತ್ತಿ. ಉನ್ಮತ್ತ ಎಂದರೆ ಬುದ್ಧಿ ಕೆಟ್ಟವನು. ಗಿಡ ತಿಂದವರಿಗೆ ಏನಾಗುತ್ತದೆ ಎಂಬುದನ್ನು ಹಿರಿಯರು ಹೆಸರಿನಲ್ಲೇ ಬರೆದಿಟ್ಟಿದ್ದಾರೆ. ಅಜ್ಜಿಗೆ ಗೋಡೆಯಲ್ಲಿ ಇರುವೆ ಕಂಡದ್ದೂ ಅದೇ ದಾರಿಯಲ್ಲಿ.

ಆ ಮೇಲೆ ನಡೆದದ್ದನ್ನು ಹೇಳಿಬಿಡುತ್ತೇನೆ. ನಾನು ಯಾವುದನ್ನೂ ನಿಲ್ಲಿಸಲಿಲ್ಲ, ಅದು ನನ್ನ ಕೆಲಸ ಅಲ್ಲ. ಎಲ್ಲ ಮಾತ್ರೆಯ ಹೆಸರು, ಪ್ರಮಾಣ, ಎಷ್ಟು ದಿನದಿಂದ ಎಂದು ಒಂದೇ ಹಾಳೆಯಲ್ಲಿ ಬರೆದುಕೊಟ್ಟು ಅವತ್ತೇ ಅವರ ಫ್ಯಾಮಿಲಿ ಡಾಕ್ಟರ ಹತ್ತಿರ ಕಳಿಸಿದೆ. ಮೂತ್ರ, ರಕ್ತ ಎರಡರ ಪರೀಕ್ಷೆಯಲ್ಲೂ ಏನೂ ಸಿಗಲಿಲ್ಲ. ನೆಗಡಿ ಮಾತ್ರೆ ಅವತ್ತೇ ನಿಂತಿತು. ಉಳಿದೆರಡನ್ನು ಬರೆದ ಡಾಕ್ಟರುಗಳ ಜೊತೆ ಮಾತಾಡಿ ಸೊಲಿಫೆನಾಸಿನ್ ನಿಲ್ಲಿಸಿದರು, ಅಮಿಟ್ರಿಪ್ಟಿಲಿನ್ ಹಂತ ಹಂತವಾಗಿ ಇಳಿಸಿದರು. ಇರುವೆ ಹೋಗಲು ನಾಲ್ಕೈದು ದಿನ ಬೇಕಾಯಿತು. ಮನೆಯವರು ಗಾಬರಿಯಾಗಿ ದಿನಾ ಫೋನ್ ಮಾಡುತ್ತಿದ್ದರು. ಸೊಲಿಫೆನಾಸಿನ್‌ನ ಅರ್ಧ ಭಾಗ ದೇಹದಿಂದ ಹೊರಗೆ ಹೋಗುವುದಕ್ಕೇ ಸುಮಾರು ಎರಡು ದಿನ ಬೇಕು, ವಯಸ್ಸಾದವರಲ್ಲಿ ಇನ್ನೂ ಜಾಸ್ತಿ, ತಾಳ್ಮೆ ಇರಲಿ ಎಂದು ಹೇಳಿದೆ.

ಇಷ್ಟು ಓದಿ ಯಾರೂ ತಮ್ಮ ಮೂತ್ರದ ಮಾತ್ರೆಯನ್ನು ಕಸದ ಡಬ್ಬಕ್ಕೆ ಹಾಕಬೇಡಿ. ಈ ಮಾತ್ರೆಗಳಿಂದ ಬದುಕು ಮರಳಿ ಸಿಕ್ಕವರನ್ನು ನಾನು ದಿನಾ ನೋಡುತ್ತೇನೆ. ಇಲ್ಲಿಂದ ಮುಂಬೈಯ ಸಿಎಸ್‌ಎಂಟಿ ಸ್ಟೇಷನ್ನಿಗೆ ಲೋಕಲ್ ಟ್ರೇನಿನಲ್ಲಿ ಒಂದು ಗಂಟೆಗೂ ಮೇಲೆ, ಟ್ರೇನಿನಲ್ಲಿ ಟಾಯ್ಲೆಟ್ ಇಲ್ಲ. ಹತ್ತು ನಿಮಿಷಕ್ಕೊಮ್ಮೆ ಅವಸರ ಆಗುವ ಹೆಂಗಸು ಆ ಟ್ರೇನ್ ಹತ್ತುವುದನ್ನೇ ಬಿಡುತ್ತಾಳೆ, ಮಾಟುಂಗದ ಮದುವೆಗೂ ಹೋಗುವುದಿಲ್ಲ, ಕಾರಣ ಯಾರಿಗೂ ಹೇಳುವುದಿಲ್ಲ. ಅವರಿಗೆ ಆಕ್ಸಿಬ್ಯುಟಿನಿನ್, ಟಾಲ್ಟೆರೊಡಿನ್, ಸೊಲಿಫೆನಾಸಿನ್ ದೊಡ್ಡ ಆಸರೆ. ಕಮ್ಮಿ ಪ್ರಮಾಣದಿಂದ ಶುರು ಮಾಡಬೇಕು. ಪೂರ್ತಿ ಗುಣ ಕಾಣಲು ನಾಲ್ಕು ವಾರ ಹಿಡಿಯಬಹುದು. ಎಂಟು ದಿನದಲ್ಲಿ ಏನೂ ಆಗಲಿಲ್ಲ ಎಂದು ನೀವೇ ಎರಡು ನುಂಗಬೇಡಿ.

ಬಾಯಿ ಒಣಗುವುದು ಎಲ್ಲಕ್ಕಿಂತ ಮೊದಲು ಬರುವ ದೂರು. ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ, ಚಪಾತಿ ತುತ್ತು ನೀರಿಲ್ಲದೆ ಇಳಿಯುವುದಿಲ್ಲ. ಆಗ ನಮ್ಮವರು ಮಾಡುವುದು ಎರಡು. ಪೆಪ್ಪರ್‌ಮೆಂಟ್ ಚೀಪುತ್ತಾರೆ, ಇಲ್ಲವೇ ಗಂಟೆಗೊಂದು ಚಹಾ. ಜೊಲ್ಲು ಹಲ್ಲನ್ನು ಕಾಯುತ್ತದೆ. ಅದು ಕಮ್ಮಿಯಾದಾಗ ಸಕ್ಕರೆ ಚೀಪಿದರೆ ಹಲ್ಲು ಬೇಗ ಹುಳುಕಾಗುತ್ತದೆ. ಚಹಾ ಅಂತೂ ಮೂತ್ರಕೋಶವನ್ನೇ ಕೆಣಕುತ್ತದೆ, ಯಾವ ತೊಂದರೆಗೆ ಮಾತ್ರೆಯೋ ಅದನ್ನೇ ಜಾಸ್ತಿ ಮಾಡಿದ ಹಾಗೆ. ಗುಟುಕು ಗುಟುಕಾಗಿ ನೀರು ಕುಡಿಯಿರಿ, ಸಕ್ಕರೆ ಇಲ್ಲದ ಚ್ಯೂಯಿಂಗ್ ಗಮ್ ಜಗಿಯಿರಿ. ಮಲಬದ್ಧತೆಗೆ ಸೊಪ್ಪು, ಹಣ್ಣು, ನಡಿಗೆ. ಇಸಬ್ಗೋಲ್ ತೆಗೆದುಕೊಳ್ಳುವುದಾದರೆ ತುಂಬಿದ ಲೋಟ ನೀರಿನ ಜೊತೆಗೇ.

ಬೆವರಿನ ವಿಷಯಕ್ಕೆ ಯಾರೂ ಗಮನ ಕೊಡುವುದಿಲ್ಲ, ಮುಂಬೈಯಲ್ಲಿ ಕೊಡಲೇಬೇಕು. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ನಮ್ಮನ್ನು ಉಳಿಸುವುದು ಬೆವರು. ಈ ಮಾತ್ರೆ ಅದನ್ನೇ ಕಮ್ಮಿ ಮಾಡುತ್ತದೆ. ಎಲ್ಲರೂ ಒದ್ದೆಯಾಗಿರುವ ಟ್ರೇನಿನಲ್ಲಿ ನಿಮ್ಮ ಮೈ ಮಾತ್ರ ಒಣಗಿ ಬಿಸಿಯಾಗಿದ್ದರೆ, ಮುಖ ಕೆಂಪಾಗಿದ್ದರೆ, ಮುಂದಿನ ಸ್ಟೇಷನ್ನಿನಲ್ಲಿ ಇಳಿಯಿರಿ. ನೆರಳಿಗೆ ಹೋಗಿ, ಮೈಗೆ ನೀರು ಹಾಕಿಕೊಳ್ಳಿ. ತಲೆ ಸುತ್ತು, ಗೊಂದಲ ಇದ್ದರೆ ಆಸ್ಪತ್ರೆಗೆ.

ಮೂತ್ರದ ದಾರಿಯ ಸುತ್ತ ಇರುವ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿರುವ ಗಂಡಸರಿಗೆ ಇನ್ನೊಂದು ಮಾತು. ನಮ್ಮ ಗಿರಾಕಿ ಒಬ್ಬರು, ಹೋಟೆಲಿನಲ್ಲಿ ಕ್ಯಾಶಿಯರ್ ಆಗಿದ್ದವರು, ಮಳೆಗಾಲದ ನೆಗಡಿಗೆ ಎರಡು ದಿನ ಮಾತ್ರೆ ನುಂಗಿದರು. ಮೂರನೆಯ ರಾತ್ರಿ ಮೂತ್ರ ಪೂರ್ತಿ ನಿಂತುಹೋಯಿತು. ಹೊಟ್ಟೆಯ ಕೆಳಭಾಗ ಕಲ್ಲಿನ ಹಾಗೆ, ನೋವಿಗೆ ಕೂರಲಾರರು ನಿಲ್ಲಲಾರರು. ಆಸ್ಪತ್ರೆಯಲ್ಲಿ ನಳಿಗೆ ಹಾಕಿದ ಮೇಲೆ ಪ್ರಾಣ ಬಂದ ಹಾಗಾಯಿತು. ಆಗಲೇ ಇಕ್ಕಟ್ಟಾಗಿದ್ದ ದಾರಿ, ಅದರ ಜೊತೆ ಹಿಂಡುವ ಶಕ್ತಿಯೂ ಹೋದರೆ ಹೀಗಾಗುತ್ತದೆ. ಮೂಗು ಕಟ್ಟಿದ್ದಕ್ಕೆಂದು ಅದೇ ಮಾತ್ರೆಯಲ್ಲಿ ಸೇರಿಸುವ ಔಷಧಿ ಮೂತ್ರಕೋಶದ ಬಾಯನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಕೋನ ಮುಚ್ಚಿಕೊಳ್ಳುವ ಜಾತಿಯ ಗ್ಲುಕೋಮಾ, ಅಂದರೆ ಕಣ್ಣಿನ ಒಳಗಿನ ಒತ್ತಡ ಏರುವ ಕಾಯಿಲೆ, ಇರುವವರಿಗೂ ಇವು ಅಪಾಯ. ಕಣ್ಣು ಕೆಂಪಾಗಿ ಸಿಡಿಯುವ ನೋವು ಬಂದರೆ, ದೀಪದ ಸುತ್ತ ಬಣ್ಣದ ಬಳೆ ಕಂಡರೆ ಬೆಳಗಿನವರೆಗೆ ಕಾಯಬಾರದು, ದೃಷ್ಟಿ ಹೋಗಬಹುದು.

ಯಾವ ಯಾವ ಮಾತ್ರೆಯಲ್ಲಿ ಅಸಿಟೈಲ್‌ಕೋಲಿನ್ ತಡೆಯುವ ಈ ಗುಣ ಇರುತ್ತದೆ ಎಂದು ಕೇಳುತ್ತಾರೆ. ಹೊಟ್ಟೆ ನುಲಿತಕ್ಕೆ ಮತ್ತು ತಿಂಗಳ ನೋವಿಗೆ ಕೊಡುವ ಡೈಸೈಕ್ಲೊಮಿನ್. ಊರಿಗೆ ಹೋಗುವಾಗ ಘಟ್ಟದ ತಿರುವಿಗೆ ವಾಂತಿ ಬಾರದಿರಲಿ ಎಂದು ನುಂಗುವ ಪ್ರೊಮೆಥಜಿನ್. ತುರಿಕೆಗೆ ಕೊಡುವ ಹೈಡ್ರಾಕ್ಸಿಜಿನ್. ಕೈ ನಡುಕಕ್ಕೆ, ಮಾನಸಿಕ ಕಾಯಿಲೆಯ ಔಷಧಿಯಿಂದ ಬರುವ ಬಿಗಿತಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್, ಇದನ್ನಂತೂ ದಿಢೀರ್ ಎಂದು ನಿಲ್ಲಿಸಬಾರದು. ಡೈಸೈಕ್ಲೊಮಿನ್ ಹನಿಯನ್ನು ಆರು ತಿಂಗಳ ಒಳಗಿನ ಮಗುವಿಗೆ ಕೊಡಲೇಬಾರದು, ಉಸಿರಿಗೇ ತೊಂದರೆ ಆಗುತ್ತದೆ, ಪಕ್ಕದ ಮನೆಯವರು ಏನೇ ಹೇಳಲಿ.

ಇನ್ನೊಂದು ಜೋಡಿ ನನ್ನನ್ನು ತುಂಬ ಕಾಡುತ್ತದೆ. ಮರೆವಿಗೆ ಕೊಡುವ ಡೊನೆಪೆಜಿಲ್ ಅಸಿಟೈಲ್‌ಕೋಲಿನ್ ಅನ್ನು ಹೆಚ್ಚಿಸುತ್ತದೆ. ಅದರಿಂದ ಕೆಲವರಿಗೆ ಮೂತ್ರದ ಅವಸರ ಶುರುವಾಗುತ್ತದೆ. ಅದನ್ನು ಹೊಸ ಕಾಯಿಲೆ ಎಂದುಕೊಂಡು ಬೇರೆ ಡಾಕ್ಟರ ಹತ್ತಿರ ಹೋದರೆ ಆಕ್ಸಿಬ್ಯುಟಿನಿನ್ ಬರುತ್ತದೆ, ಅದು ಅದೇ ಅಸಿಟೈಲ್‌ಕೋಲಿನ್ ಅನ್ನು ತಡೆಯುತ್ತದೆ. ಒಂದು ಕೈಯಲ್ಲಿ ಹಾಕಿದ್ದನ್ನು ಇನ್ನೊಂದು ಕೈಯಲ್ಲಿ ತೆಗೆದ ಹಾಗೆ. ದುಡ್ಡು ಎರಡಕ್ಕೂ ಖರ್ಚು, ನರಳುವುದು ಮಾತ್ರ ಆ ಹಿರಿಯ ಜೀವ.

ಆಂಟಿಕೋಲಿನರ್ಜಿಕ್ ಮಾತ್ರೆಗಳನ್ನು ವರ್ಷಗಟ್ಟಲೆ ತೆಗೆದುಕೊಂಡರೆ ಮರೆವು ಬರುತ್ತದೆಯೇ? ಅಮೆರಿಕದ ಸಿಯಾಟಲ್‌ನಲ್ಲಿ 65 ದಾಟಿದ 3,434 ಜನರನ್ನು ಹಲವು ವರ್ಷ ನೋಡಿದ ಅಧ್ಯಯನ 2015ರಲ್ಲಿ ಬಂತು. ಇವನ್ನು ಹೆಚ್ಚು ಪ್ರಮಾಣದಲ್ಲಿ, ಹೆಚ್ಚು ಕಾಲ ತೆಗೆದುಕೊಂಡವರಲ್ಲಿ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಜಾಸ್ತಿ ಕಂಡಿತು. ಮಾತ್ರೆಯೇ ಕಾರಣ ಎಂದು ಅದು ಸಾಬೀತು ಮಾಡುವುದಿಲ್ಲ. ಆದರೂ 65 ದಾಟಿದವರಿಗೆ ಇವನ್ನು ಆದಷ್ಟು ದೂರ ಇಡಿ ಎಂದು 1991ರಲ್ಲಿ ಶುರುವಾದ ಬಿಯರ್ಸ್ ಪಟ್ಟಿ ಡಾಕ್ಟರುಗಳಿಗೆ ಹೇಳುತ್ತಲೇ ಇದೆ. ಹಾಗಾಗಿ ಡಾಕ್ಟರ್ ಹತ್ತಿರ ಬಾಯಿಬಿಟ್ಟು ಕೇಳಿ: ಇದು ಇನ್ನೂ ಬೇಕಾ, ಕಮ್ಮಿ ಮಾಡಬಹುದಾ, ಬೇರೆ ದಾರಿ ಇದೆಯಾ. ಮಿರಾಬೆಗ್ರಾನ್ ಇದೆ, ಅದು ಬೇರೆ ಜಾತಿ, ಬಾಯಿ ಒಣಗುವುದು ಕಮ್ಮಿ, ಆದರೆ ಬಿಪಿ ನೋಡುತ್ತಿರಬೇಕು.

ನಮ್ಮ ಅಜ್ಜಿಗೆ ಈಗ ಮೂತ್ರಕ್ಕೆ ಯಾವ ಮಾತ್ರೆಯೂ ಇಲ್ಲ. ಗಡಿಯಾರ ನೋಡಿ ಎರಡು ಗಂಟೆಗೊಮ್ಮೆ ಹೋಗುತ್ತಾರೆ, ಡಾಕ್ಟರ್ ಹೇಳಿಕೊಟ್ಟ, ಮೂತ್ರವನ್ನು ತಡೆದು ಹಿಡಿಯುವ ಸ್ನಾಯುವಿನ ವ್ಯಾಯಾಮ ಮಾಡುತ್ತಾರೆ, ಸಂಜೆಯ ಚಹಾ ಬಿಟ್ಟಿದ್ದಾರೆ. ಒಮ್ಮೊಮ್ಮೆ ಸೀರೆ ಒದ್ದೆಯಾಗುತ್ತದೆ. ಅಷ್ಟು ಪರವಾಗಿಲ್ಲ ಮಾರಾಯಾ, ಇರುವೆಗಿಂತ ವಾಸಿ ಎನ್ನುತ್ತಾರೆ. ನಮ್ಮ ಅಂಗಡಿಯಲ್ಲಿ ಈಗ ಸ್ಟ್ರಿಪ್ ಕತ್ತರಿಸಿದರೆ ಕಾಗದದ ಲಕೋಟೆಗೆ ಹಾಕಿ, ಮೇಲೆ ಔಷಧಿಯ ಹೆಸರು, ತಾರೀಖು, ಯಾಕೆ ಎಂಬುದನ್ನು ದಪ್ಪ ಪೆನ್ನಿನಲ್ಲಿ ಬರೆದೇ ಕೊಡುತ್ತೇವೆ. ಕನ್ನಡದವರಿಗೆ ಕನ್ನಡದಲ್ಲಿ.